ತುಟಿ ಓದಿದವಳು

ಮಂಗಳವಾರ, ಮಾರ್ಚ್ ೧೨

ನನ್ನ ಗುಬ್ಬಚ್ಚಿಗೆ,

ಐವತ್ತರ ಹತ್ತಿರ ಬಂದವಳನ್ನು ಇನ್ನೂ ಗುಬ್ಬಚ್ಚಿ ಅಂತೀರಲ್ಲ ಅಂತ ಅಳಿಯಂದಿರು ನಗುತ್ತಾರೆ. ನಗಲಿ ಬಿಡು. ನಿನ್ನ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯೋಣ ಅಂತ ಮೂರು ಸಲ ಕೂತೆ, ಮೂರು ಸಲವೂ ಎದ್ದೆ. ನೋಡಿ ನೋಡಿ ಸಾಕಾಗಿ ನಿನ್ನ ಸೋದರತ್ತೆ ನಿನ್ನೆ ಬಾಯಿಬಿಟ್ಟಳು: "ಅಣ್ಣಾ, ಆ ಪೆನ್ನಿನ ಮುಚ್ಚಳ ಬಿಚ್ಚೋದು ಹಾಕೋದು, ಬಿಚ್ಚೋದು ಹಾಕೋದು. ಬರೀತೀಯೋ ಇಲ್ಲಾ ನಾನೇ ಬರೀಲೋ?" ಅವಳು ಬರೆದರೆ ಅವಳ ಹಲ್ಲುನೋವು, ನನ್ನ ಮಂಡಿನೋವು, ಕೆಳಗಿನ ಮನೆಯ ದರ್ಜಿಯ ಹೊಲಿಗೆ ಯಂತ್ರದ ಗದ್ದಲ, ಇಷ್ಟರಲ್ಲೇ ಕಾಗದ ತುಂಬಿಹೋಗುತ್ತದೆ. ಅದಕ್ಕೇ ಇವತ್ತು ಬೆಳಿಗ್ಗೆ ಕಾಫಿ ಕುಡಿದವನೇ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಕೂತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು, ಮಗಳೇ.

ಹಳೆಯ ಚಿತ್ರಗಳನ್ನು ಕಾಪಾಡುವ ಸಂಸ್ಥೆಯವರು ನಿನ್ನನ್ನು ಹುಡುಕಿಕೊಂಡು ಬಂದದ್ದು ಓದಿ ಸಂತೋಷವಾಯಿತು. ಮುಚ್ಚಿಹೋದ ಯಾವುದೋ ಟಾಕೀಸಿನ ಅಟ್ಟದಲ್ಲಿ ನಾನು ಕಾನ್‌ಸ್ಟೇಬಲ್ ಪಾತ್ರ ಮಾಡಿದ್ದ ಚಿತ್ರದ ಸುರುಳಿಗಳು ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದವು ಅಂದರೆ ನಂಬಲಿಕ್ಕೇ ಆಗುವುದಿಲ್ಲ. ಪ್ರದರ್ಶನಕ್ಕೆ ಮೊದಲು ನೀನು ನಾಲ್ಕು ಮಾತಾಡಬೇಕಂತೆ. ನೀನು ಬರೆದಿದ್ದೀಯ: "ಅಪ್ಪಾ, ಅಮ್ಮನಿಗೋಸ್ಕರ ನೀವು ಸಿನಿಮಾ ಬಿಟ್ಟಿರಲ್ಲ, ಅದನ್ನ ನಿಮ್ಮ ಮಾತಲ್ಲೇ ಬರೆದು ಕಳಿಸಿ, ನಾನು ಅಲ್ಲಿ ಓದ್ತೀನಿ." ಬರೆಯುತ್ತೇನೆ. ಆದರೆ ಮೊದಲಿಂದ ಬರೆಯುತ್ತೇನೆ. ನಡುವಿನಿಂದ ಹಿಡಿದರೆ ನನಗೆ ದಾರಿ ತಪ್ಪುತ್ತದೆ.

ನಾನು ನಟನಾಗಬೇಕು ಅಂತ ಹೋದವನಲ್ಲ, ಕುರ್ಚಿ ಕೊಡಲು ಹೋದವನು. ಆಗ ನನಗೆ ಇಪ್ಪತ್ತೆರಡು. ಮೇಜು ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸ. ಒಂದು ದಿನ ಸಿನಿಮಾ ಕಂಪನಿಯಿಂದ ನಾಲ್ಕು ಕುರ್ಚಿ ಬೇಕು ಅಂತ ಹೇಳಿಕಳಿಸಿದರು. ಅಲ್ಲಿ ಹೋದರೆ ಚಾವಣಿಯೆಲ್ಲ ಗಾಜು, ಸೂರ್ಯನ ಬೆಳಕಲ್ಲೇ ಚಿತ್ರೀಕರಣ. ಬಿಸಿಲಿದ್ದರೆ ಕೆಲಸ, ಮೋಡ ಬಂದರೆ ರಾಜ, ಸೇವಕ, ಕಳ್ಳ ಎಲ್ಲರೂ ಒಟ್ಟಿಗೆ ಕೂತು ಇಸ್ಪೀಟು. ನಾಲ್ಕೂ ಕುರ್ಚಿ ಒಂದರ ಮೇಲೊಂದು ಹೊತ್ತುಕೊಂಡು ಒಳಗೆ ಕಾಲಿಟ್ಟೆ, ಹೊಸಿಲು ಎಡವಿದೆ. ಗದ್ದ, ಮೊಣಕೈ, ಮಂಡಿ, ಹೊಟ್ಟೆ, ಏನೇನಿದೆಯೋ ಎಲ್ಲವನ್ನೂ ಒಡ್ಡಿ ಹತ್ತು ಹೆಜ್ಜೆ ಓಲಾಡಿದೆ. ಒಂದು ಕುರ್ಚಿಯೂ ನೆಲ ಮುಟ್ಟಲಿಲ್ಲ. ನಾನು ಮಾತ್ರ ನೆಲದ ಮೇಲಿದ್ದೆ.

ನಿರ್ದೇಶಕರು ಹತ್ತಿರ ಬಂದು ಬಗ್ಗಿ ನೋಡಿ, "ಇನ್ನೊಂದ್ಸಲ ಬೀಳ್ತೀಯಾ?" ಅಂದರು.

"ಬೇಕೂಂತ ಬಿದ್ದಿದ್ದಲ್ಲ ಸ್ವಾಮಿ."

"ಅದು ಗೊತ್ತು ಕಣಯ್ಯ. ಈಗ ಬೇಕೂಂತ ಬೀಳು."

ಅವತ್ತಿನಿಂದ ನನಗೆ ಕುರ್ಚಿ ಅಂತಲೇ ಹೆಸರು. ಒಂಬತ್ತು ವರ್ಷದಲ್ಲಿ ನಲವತ್ತಮೂರು ಚಿತ್ರ. ಬಾಣಸಿಗ, ಕಾವಲುಗಾರ, ಮಾವನಿಗೆ ಹೆದರುವ ಅಳಿಯ, ಎರಡು ಸಲ ಹೆಣ. ಕೆಂಪು ಬಣ್ಣ ಆ ಕಾಲದ ಫಿಲಂನಲ್ಲಿ ಕಪ್ಪಾಗಿ ಬೀಳುತ್ತಿದ್ದರಿಂದ ತುಟಿಗೆ ಹಳದಿ ಬಳಿಯುತ್ತಿದ್ದರು. ಹಾಗೇ ಒಂದು ಸಲ ಮುಖ ತೊಳೆಯದೆ ಮನೆಗೆ ಬಂದೆ. ನಿನ್ನ ಸೋದರತ್ತೆಗೆ ಆಗ ಹನ್ನೊಂದು ವರ್ಷ. ಅಣ್ಣನಿಗೆ ಕಾಮಾಲೆಯಾಗಿದೆ ಅಂತ ಅಳುತ್ತಾ ಡಾಕ್ಟರ ಮನೆಗೆ ಓಡಿದಳು. ಇದನ್ನು ಬರೆಯಬೇಡ ಅಂತ ಈಗ ಹಿಂದೆ ನಿಂತು ಹೇಳುತ್ತಿದ್ದಾಳೆ. ಬರೆದಾಯಿತು.

ಆ ದಿನಗಳಲ್ಲಿ ಸಿನಿಮಾಕ್ಕೆ ಇನ್ನೂ ದನಿ ಬಂದಿರಲಿಲ್ಲ, ನಾವು ಕ್ಯಾಮೆರಾ ಮುಂದೆ ಏನು ಮಾತಾಡುತ್ತಿದ್ದೆವು ಅಂತ ಯಾರೂ ಕೇಳುತ್ತಿರಲಿಲ್ಲ. ಬಾಯಿ ಆಡಿದರೆ ಸಾಕು. ಹೇಳಬೇಕಾದ ಮಾತು ಆಮೇಲೆ ಬರಹವಾಗಿ ಪರದೆಯ ಮೇಲೆ ಬರುತ್ತಿತ್ತು. ನಾಯಕಿಯ ಮುಂದೆ ಮಂಡಿಯೂರಿದ ನಾಯಕ, "ನಿನ್ನ ಅಣ್ಣನಿಗೆ ನನ್ನ ಸೈಕಲ್ ವಾಪಸ್ ಕೊಡೋಕೆ ಹೇಳು" ಅನ್ನುತ್ತಿದ್ದ. ಅವಳು ಕಣ್ಣೀರು ಹಾಕುತ್ತಾ, "ಅವನನ್ನೇ ಕೇಳ್ಕೋ" ಅನ್ನುತ್ತಿದ್ದಳು. ನೋಡುವವರು ಕರಗಿ ನೀರಾಗುತ್ತಿದ್ದರು.

ಆಗ ನನಗೊಂದು ಕಾಗದ ಬಂತು. ಪಕ್ಕದ ಊರಿನ ಕಿವುಡ ಹೆಣ್ಣುಮಕ್ಕಳ ಶಾಲೆಯಿಂದ. ಅಕ್ಷರ ಒಂದೊಂದೂ ಮುತ್ತಿನ ಹಾಗೆ. ಅದರಲ್ಲಿದ್ದ ಮಾತು ನನಗೆ ಇವತ್ತಿಗೂ ಬಾಯಿಪಾಠ:

"ನಿಮ್ಮ ಹೊಸ ಚಿತ್ರ ನೋಡಲು ನಮ್ಮ ಶಾಲೆಯ ನಲವತ್ತು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ನಾವು ತುಟಿ ನೋಡಿ ಮಾತು ತಿಳಿಯುವವರು. ಅದರಲ್ಲಿ ನಿಮ್ಮ ತಾಯಿ ಸಾಯುತ್ತಾರೆ. ನೀವು ಅವರ ಕೈ ಹಿಡಿದು ಅಳುತ್ತಾ, 'ಊಟ ಬಂತಾ? ಇವತ್ತೂ ತಣ್ಣಗೇ ಇದೆಯಾ?' ಎನ್ನುತ್ತೀರಿ. ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಿಮ್ಮ ಕಣ್ಣೀರು ನಿಜವಾಗಿತ್ತು. ಮಾತೂ ನಿಜವಾಗಿರಬಹುದಿತ್ತು ಅನ್ನಿಸಿತು."

ಅದನ್ನು ಬರೆದವಳು ನಿಮ್ಮಮ್ಮ. ಏಳನೇ ವರ್ಷದಲ್ಲಿ ಜ್ವರ ಬಂದು ಕಿವಿ ಹೋದಮೇಲೆ ಅದೇ ಶಾಲೆಯಲ್ಲಿ ಬೆಳೆದು, ಅಲ್ಲೇ ಪಾಠ ಹೇಳುತ್ತಿದ್ದಳು.

ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಕಾಗದ ತೋರಿಸಿದರೆ ನಿರ್ದೇಶಕರು, "ಕಿವುಡರಿಗೋಸ್ಕರ ಸಿನಿಮಾ ಮಾಡ್ತೀವೇನಯ್ಯಾ?" ಅಂತ ನಕ್ಕರು. ಆದರೆ ಅವತ್ತಿನಿಂದ ನಾನು ಪ್ರತಿ ದೃಶ್ಯಕ್ಕೂ ಮಾತು ಬರೆದುಕೊಂಡು ಹೋಗತೊಡಗಿದೆ. ಬಾಣಸಿಗನಾದರೆ ಬಾಣಸಿಗ ಏನು ಹೇಳಿಯಾನೋ ಅದನ್ನೇ ಹೇಳುತ್ತಿದ್ದೆ. ಪ್ರತಿ ಚಿತ್ರಕ್ಕೂ ಅವಳಿಂದ ಕಾಗದ ಬರುತ್ತಿತ್ತು, ಮೇಷ್ಟರು ಕೆಂಪು ಶಾಯಿಯಲ್ಲಿ ತಿದ್ದಿದ ಹಾಗೆ: "ಮೂರನೇ ಭಾಗದಲ್ಲಿ ಮೀಸೆ ಅಡ್ಡ ಬಂದು ಒಂದು ಮಾತು ತಪ್ಪಿತು. ದಯವಿಟ್ಟು ಮೀಸೆ ಕತ್ತರಿಸಿ." ಕತ್ತರಿಸಿದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಮುಖ ನೋಡಿರಲಿಲ್ಲ.

ಈಗ ಸಿಕ್ಕಿರುವ ಕಾನ್‌ಸ್ಟೇಬಲ್ ಚಿತ್ರ ಬಂದದ್ದು ಆಗ. ಅದರಲ್ಲಿ ನಾನು ಪುಸ್ತಕದಲ್ಲಿ ದೂರು ಬರೆದುಕೊಳ್ಳುವ ಒಂದು ದೃಶ್ಯವಿದೆ. ಪರದೆಯ ಮೇಲೆ "ನಿನ್ನ ಹೆಸರೇನು?" ಅಂತ ಬರುತ್ತದೆ. ನಾನು ಹೇಳಿದ್ದು ಬೇರೆ. ಕ್ಯಾಮೆರಾ ಕಡೆ ಮುಖ ಮಾಡಿ ನಿಧಾನವಾಗಿ ಹೇಳಿದೆ: "ಮೇಡಂ, ಈ ಚಿತ್ರ ನಿಮ್ಮ ಊರಿಗೆ ಬಂದ ಮೊದಲನೇ ಭಾನುವಾರ ಸಂಜೆ ನಾಲ್ಕಕ್ಕೆ ಶಾಲೆಯ ಗೇಟಿಗೆ ಬರ್ತೀನಿ. ಬೇಡ ಅನ್ನಿಸಿದರೆ ನೀವು ಬರಬೇಡಿ." ಊರೂರಲ್ಲಿ ಸಾವಿರಾರು ಜನ ಅದನ್ನು ನೋಡಿದರು, ಒಬ್ಬರಿಗೂ ಗೊತ್ತಾಗಲಿಲ್ಲ.

ಆದರೆ ಒಂದು ವಿಷಯ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ಹೋದರೆ, ಕಾಂಪೌಂಡ್ ಗೋಡೆಯ ಉದ್ದಕ್ಕೂ ನಲವತ್ತು ತಲೆಗಳು. ಎಲ್ಲರೂ ಓದಿದ್ದರು. ನಿಮ್ಮಮ್ಮ ಗೇಟು ತೆರೆದು ಹೊರಗೆ ಬಂದಳು, ಮುಖ ಕೆಂಪಾಗಿತ್ತು. ಅವಳ ದನಿ ನಿನಗೆ ನೆನಪಿದೆಯಲ್ಲ, ಏರಿಳಿತವಿಲ್ಲದ ಸಪಾಟಾದ ದನಿ. ಅದರಲ್ಲೇ ಹೇಳಿದಳು: "ಮುಂದಿನ ಸಲ ಅಂಚೆಯಲ್ಲಿ ಬರೀರಿ."

ಮದುವೆಯಾಗಿ ಅವಳು ಶಾಲೆ ಬಿಟ್ಟು ನನ್ನ ಊರಿಗೆ ಬಂದಳು. ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಯಂತ್ರಗಳ ಸದ್ದಿಗೆ ಉಳಿದವರೆಲ್ಲ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು, ಇವಳು ಆರಾಮಾಗಿ ಕೂತು ತಪ್ಪು ಹುಡುಕುತ್ತಿದ್ದಳು. ಮದುವೆಯಾದ ಮೂರನೇ ವರ್ಷ ನೀನು ಹುಟ್ಟಿದೆ. ನಾವು ಸಿನಿಮಾಕ್ಕೆ ಹೋದರೆ ಬರಹ ಬರುವ ಮೊದಲೇ ಅವಳು ನಗುತ್ತಿದ್ದಳು. ಪಕ್ಕದಲ್ಲಿದ್ದವರು ತಿರುಗಿ ನೋಡುತ್ತಿದ್ದರು. ಇಡೀ ಟಾಕೀಸಿನಲ್ಲಿ ನನ್ನ ಮಾತು ಕೇಳಿಸುತ್ತಿದ್ದದ್ದು ಅವಳೊಬ್ಬಳಿಗೇ.

ನಿನಗೆ ಒಂದು ವರ್ಷ ತುಂಬುವಾಗ ಸಿನಿಮಾಕ್ಕೆ ಮಾತು ಬಂತು. ಮೊದಲ ಮಾತಿನ ಚಿತ್ರಕ್ಕೆ ಅವಳನ್ನು ಕರೆದುಕೊಂಡು ಹೋದೆ. ಬರಹವಿಲ್ಲ. ನಟರೆಲ್ಲ ಅಡಗಿಸಿಟ್ಟ ಮೈಕಿನ ಕಡೆ ತಿರುಗಿ, ಬೆನ್ನು ಹಾಕಿ, ಹೂದಾನಿಯ ಹಿಂದೆ ನಿಂತು ಮಾತಾಡುತ್ತಾರೆ. ಅವಳು "ಏನಂತೆ? ಏನಂತೆ?" ಅಂತ ನನ್ನ ತೋಳು ಜಗ್ಗುತ್ತಿದ್ದಳು. ಕತ್ತಲಲ್ಲಿ ನನ್ನ ತುಟಿಯೂ ಕಾಣದು. ಅರ್ಧಕ್ಕೇ ಎದ್ದು ಬಂದೆವು. ಬೀದಿಯ ದೀಪದ ಕೆಳಗೆ ನಿಂತು ಹೇಳಿದಳು: "ಇನ್ಮೇಲೆ ನೀವೊಬ್ಬರೇ ಹೋಗಿ ಬನ್ನಿ." ಅಳಲಿಲ್ಲ. ಅವಳು ಅಳುವವಳೇ ಅಲ್ಲ.

ಅದಾದ ಕೆಲವು ತಿಂಗಳಿಗೆ ನಾನು ಸಿನಿಮಾ ಬಿಟ್ಟು ಕನ್ನಡಕದ ಅಂಗಡಿ ಸೇರಿದೆ. ಮುಂದಿನದು ನಿನಗೆ ಗೊತ್ತು. ಇಪ್ಪತ್ತೆಂಟು ವರ್ಷ ಊರಿನ ಮೂಗುಗಳನ್ನೆಲ್ಲ ಅಳೆದೆ. ಚೌಕಟ್ಟು ಕೂರಿಸುವಾಗ ಯಾರಾದರೂ ನನ್ನ ಮುಖವನ್ನೇ ನೋಡಿ, "ಎಲ್ಲೋ ನೋಡಿದ ಹಾಗಿದೆಯಲ್ಲ?" ಅನ್ನುತ್ತಿದ್ದರು. "ಇದೇ ಅಂಗಡೀಲಿ ನೋಡಿರ್ತೀರಿ" ಅನ್ನುತ್ತಿದ್ದೆ. ಸಂಜೆ ಮನೆಗೆ ಬಂದರೆ ನಿಮ್ಮಮ್ಮ ಕಿಟಕಿಯ ಬೆಳಕಿನಲ್ಲಿ ಇಬ್ಬರೋ ಮೂವರೋ ಕಿವುಡ ಮಕ್ಕಳನ್ನು ಕೂರಿಸಿಕೊಂಡು ತುಟಿ ಓದುವುದು ಕಲಿಸುತ್ತಿರುತ್ತಿದ್ದಳು. ನೀನು ನಡುವೆ ಕೂತು ಬೇಕುಬೇಕೆಂದೇ ಬಾಯಿ ಸೊಟ್ಟ ಮಾಡಿ ಮಾತಾಡಿ ಬೈಸಿಕೊಳ್ಳುತ್ತಿದ್ದೆ.

ಪ್ರದರ್ಶನಕ್ಕೆ ನಾವಿಬ್ಬರೂ ಬರುತ್ತೇವೆ. ಬೆಳಗಿನ ಬಸ್ಸಿಗೆ ನಿನ್ನ ಸೋದರತ್ತೆ ಈಗಲೇ ಚೀಟಿ ತರಿಸಿದ್ದಾಳೆ. ಅಳಿಯಂದಿರು ರಜೆ ಹಾಕುವುದೆಲ್ಲ ಬೇಡ, ಬಸ್ ನಿಲ್ದಾಣದಿಂದ ನಿಮ್ಮ ಮನೆ ನನಗೆ ಗೊತ್ತು. ಮೊಮ್ಮಗಳಿಗೆ ಪರೀಕ್ಷೆ ಹತ್ತಿರ ಬಂತು, ಕಣ್ಣಿಗೆ ಬೆಳಕು ಸಾಲದ ಕಡೆ ಕೂತು ಓದಬಾರದು ಅಂತ ಹಳೆಯ ಕನ್ನಡಕದವನು ಹೇಳಿದ ಅನ್ನು.

ನೀನು, ನಿನ್ನ ಮನೆಯವರು, ನಿನ್ನ ಮಗು ಸುಖವಾಗಿರಿ. ನಿಮ್ಮ ಮನೆಯಲ್ಲಿ ಯಾವತ್ತೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿರಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಸೋದರತ್ತೆ ಈಗ ತರಕಾರಿ ತರಲು ಹೋಗಿದ್ದಾಳೆ, ಅವಳು ಬರುವುದರೊಳಗೆ ಬರೆದು ಮುಗಿಸುತ್ತೇನೆ.

ನಾನು ನಿಮ್ಮಮ್ಮನಿಗೋಸ್ಕರ ಸಿನಿಮಾ ಬಿಡಲಿಲ್ಲ, ಮಗಳೇ. ಸಿನಿಮಾದವರೇ ನನ್ನನ್ನು ಬಿಟ್ಟರು. ಮಾತು ಬಂದಮೇಲೆ ಮೂರು ಕಂಪನಿಗಳಲ್ಲಿ ನನ್ನ ದನಿ ಪರೀಕ್ಷೆ ಮಾಡಿದರು. ಆರಡಿ ಆಳಿಗೆ ನನ್ನ ಈ ಕೀರಲು ದನಿ. ನೀನು ಹುಟ್ಟಿದಾಗಿಂದ ಕೇಳಿದವಳು, ನಿನಗೆ ವಿಚಿತ್ರ ಅನ್ನಿಸಿರಲಾರದು. ಮೂರನೇ ಕಂಪನಿಯಲ್ಲಿ ಮಗನನ್ನು ಕಳೆದುಕೊಂಡ ತಂದೆಯ ಮಾತು ಹೇಳಿಸಿದರು. ಧ್ವನಿ ಯಂತ್ರದ ಮುಂದೆ ಕೂತಿದ್ದವನು ಕಿವಿಗೆ ಹಾಕಿದ್ದನ್ನು ಕಿತ್ತಿಟ್ಟು ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಉಳಿದವರೂ ನಕ್ಕರು. ಒಳ್ಳೆಯ ಜನವೇ, ತಡೆದುಕೊಳ್ಳಲು ಆಗಲಿಲ್ಲ ಅವರಿಗೆ.

ಮನೆಗೆ ಬಂದೆ. ನೀನು ಅವಳ ಮಡಿಲಲ್ಲಿ ನಿದ್ದೆ ಮಾಡುತ್ತಿದ್ದೆ. "ಏನಂದ್ರು?" ಅಂತ ಕೇಳಿದಳು. "ನಾನೇ ಬಿಟ್ಟುಬಂದೆ. ನಿನಗೆ ಗೊತ್ತಾಗದ ಸಿನಿಮಾ ನನಗೂ ಬೇಡ" ಅಂದೆ. ಯಾವುದೋ ಚಿತ್ರದ ಬರಹ ಓದಿದ ಹಾಗೆ ಬಾಯಿಂದ ಬಂದುಬಿಟ್ಟಿತು. ಅಳುವವಳಲ್ಲ ಅಂದೆನಲ್ಲ, ಅವತ್ತು ಅತ್ತಳು. ಮರುದಿನದಿಂದ ಕಂಡವರಿಗೆಲ್ಲ ಅದನ್ನೇ ಹೇಳಿದಳು. ನೀನು ಬೆಳೆದಮೇಲೆ ನಿನಗೂ ಹೇಳಿದಳು. ನಾನು ಸುಮ್ಮನಿದ್ದೆ.

ಅಷ್ಟೇ ಆಗಿದ್ದರೆ ಇದನ್ನು ನಿನಗೆ ಬರೆಯುತ್ತಲೇ ಇರಲಿಲ್ಲವೇನೋ. ನಿನಗೆ ಐದು ವರ್ಷವಿದ್ದಾಗ ಅವಳ ಶಾಲೆಯಿಂದ ಕಾಗದ ಬಂತು. ಹಿರಿಯ ಮೇಡಂ ನಿವೃತ್ತರಾಗುತ್ತಾರೆ, ನೀವೇ ಬಂದು ಮುಖ್ಯೋಪಾಧ್ಯಾಯಿನಿ ಆಗಬೇಕು, ಮನೆಯನ್ನೂ ಕೊಡುತ್ತೇವೆ ಅಂತ. ಅವಳು ಅದನ್ನು ಎರಡು ದಿನ ಸೆರಗಿನಲ್ಲೇ ಇಟ್ಟುಕೊಂಡು ಓಡಾಡಿದಳು. ಕೇಳಿದರೆ, "ನನಗೋಸ್ಕರ ನೀವು ಒಂದು ಸಲ ಎಲ್ಲಾ ಬಿಟ್ಟಿದ್ದೀರಿ. ಈಗ ಇಲ್ಲೊಂದು ನೆಲೆ ಸಿಕ್ಕಿದೆ. ಇನ್ನೊಂದು ಸಲ ಬಿಡಿಸಲಾರೆ" ಅಂದಳು. ಆ ಕ್ಷಣ ನಾನು ಬಾಯಿಬಿಟ್ಟಿದ್ದರೆ ಸಾಕಿತ್ತು. ಕನ್ನಡಕದ ಅಂಗಡಿ ಯಾವ ಊರಲ್ಲಿಲ್ಲ? ಆದರೆ ಅವಳು ನನ್ನನ್ನು ನೋಡುವ ಆ ನೋಟ ಹೋಗಿಬಿಡುತ್ತದೆ ಅಂತ ಹೆದರಿದೆ. ಬರಲಾಗುವುದಿಲ್ಲ ಅಂತ ಅವಳು ಉತ್ತರ ಬರೆದಳು. ಅದನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದವನು ನಾನೇ.

ಬೀದಿಯ ಆಚೆ ಬದಿಯವರ ಮಾತನ್ನೂ ಓದುತ್ತಿದ್ದವಳು ಅವಳು. ನನ್ನ ಈ ಸುಳ್ಳು ಅವಳಿಗೆ ಗೊತ್ತೇ ಆಗಲಿಲ್ಲವೋ, ಗೊತ್ತಾಗಿಯೂ ಸುಮ್ಮನಿದ್ದಳೋ, ಅವಳು ಹೋಗಿ ಹನ್ನೊಂದು ವರ್ಷವಾದರೂ ನನಗೆ ತಿಳಿಯದು. ಕೇಳುವ ಧೈರ್ಯ ಬಂದಿದ್ದರೆ ತಾನೆ?

ಆದ್ದರಿಂದ ಅಲ್ಲಿ ನನ್ನ ತ್ಯಾಗ ಗೀಗ ಅಂತ ಏನೂ ಓದಬೇಡ. ಅವಳು ಆ ಶಾಲೆಯನ್ನು ನಡೆಸಬೇಕಾಗಿದ್ದವಳು, ನಡೆಸಲಿಲ್ಲ, ಅದಕ್ಕೆ ಕಾರಣ ಅವಳ ಗಂಡ ಅಂತ ಓದು. ಓದುವಾಗ ನನ್ನ ಮುಖ ನೋಡಿ ನಿಲ್ಲಿಸಬೇಡ. ನಾನು ಮೊದಲನೇ ಸಾಲಿನಲ್ಲೇ ಕೂತಿರುತ್ತೇನೆ.