ಪುಣೆ–ಹುಬ್ಬಳ್ಳಿ, ಒಂದು ತಾಸು ಹತ್ತು ನಿಮಿಷ

ಬೇವೂರು,
೨ ಆಗಸ್ಟ್ ೨೦೨೪

ಪ್ರೀತಿಯ ತಮ್ಮ ಕಳಕೇಶನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀ? ರಕ್ತ ಕೊಟ್ಟ ಮೇಲೆ ತಲೆಸುತ್ತು ಬಂದಿತ್ತೆಂದು ನಿನ್ನ ಗೆಳೆಯ ಹೇಳಿದ. ಊಟ ಬಿಡಬೇಡ, ಶೇಂಗಾ ಬೆಲ್ಲ ತಿನ್ನು. ಆ ಸಂಜೆ ನಾನು ಕಳಿಸಿದ ಎರಡು ಸಾಲಿನ ಮೆಸೇಜು ನೋಡಿರುತ್ತೀ. ಆಮೇಲೆ ಎಷ್ಟು ಸಲ ಮಾಡಿದರೂ ನೀನು ಫೋನು ಎತ್ತಲಿಲ್ಲ, ಅದಕ್ಕೇ ಈ ಪತ್ರ.

ಮಂಗಳವಾರ ಬೆಳಿಗ್ಗೆ ನಮ್ಮ ತಂಗಿ ಅನುಷಾಗೆ ರಕ್ತ ಹೋಗಲು ಶುರುವಾದಾಗ ದಿನ ತುಂಬಲು ಇನ್ನೂ ಮೂರು ವಾರವಿತ್ತು. ಅವಳ ಗಂಡ ಯಮನೂರ, ಅಪ್ಪ, ನಾನು ಸೇರಿ ಕೊಪ್ಪಳದ ದವಾಖಾನೆಗೆ ಒಯ್ದೆವು. ಆಪರೇಷನ್ ಮಾಡಲೇಬೇಕು, ಆದರೆ ರಕ್ತ ಕೈಯಲ್ಲಿಲ್ಲದೆ ಮುಟ್ಟುವಂತಿಲ್ಲ ಎಂದರು ಡಾಕ್ಟರ್ ದಾನೇಶ್ವರಿ. ಅವಳದು ಬಾಂಬೆ ಗ್ರೂಪು, ಸಾವಿರಾರು ಜನರಲ್ಲಿ ಒಬ್ಬರಿಗಂತೆ. ಬೇರೆ ರಕ್ತ ಹಾಕಿದರೆ ಜೀವಕ್ಕೇ ಕುತ್ತು. ಅಪ್ಪನದು, ನನ್ನದು ನೋಡಿದರು, ಕೂಡಲಿಲ್ಲ. ಪುಣೆಯ ನಿನ್ನ ಫ್ಯಾಕ್ಟರಿಯ ರಕ್ತದಾನ ಶಿಬಿರದಲ್ಲಿ ನಿನ್ನದೂ ಇಂಥದೇ ಅಪರೂಪದ ರಕ್ತವೆಂದು ಬೆರಗಾಗಿದ್ದರೆಂದು ನೀನು ಹೇಳಿದ್ದು ಆಗ ನೆನಪಾಯಿತು.

ಹೊರಗೆ ಹೋಗಿ ನಿನಗೆ ಫೋನು ಮಾಡಿದೆ. “ಕೊಡ್ತೀನಕ್ಕ. ಆದ್ರ ಯಾರು ಕೊಟ್ಟಾರಂತ ಅಪ್ಪಗ ಗೊತ್ತಾಗಬಾರ್ದು” ಅಂದೆ ನೀನು. ಮಲ್ಲೇಶ್ವರಿಯ ಜೊತೆ ನಿಶ್ಚಯವಾಗಿದ್ದ ಮದುವೆ ಬಿಟ್ಟು ನೀನು ಹೊರಟಾಗ ಅಪ್ಪ ನಿನ್ನ ಬಟ್ಟೆಬರೆ ಅಂಗಳಕ್ಕೆ ಎಸೆದದ್ದನ್ನು ನಾನೂ ಮರೆತಿಲ್ಲ. ಆರು ವರ್ಷವಾಯಿತು. ಹೇಳುವುದಿಲ್ಲವೆಂದು ನಾನು ಮಾತು ಕೊಟ್ಟೆ.

ರಸ್ತೆಯಲ್ಲಿ ತಂದರೆ ಹತ್ತು ತಾಸು, ಅಷ್ಟು ಹೊತ್ತು ಇವಳು ತಡೆಯುವುದಿಲ್ಲ ಎಂದರು ಡಾಕ್ಟರು. ಪುಣೆಯಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ನಾನೂರು ಕಿಲೋಮೀಟರೂ ಇಲ್ಲವಂತೆ, ವಿಮಾನಕ್ಕೆ ಒಂದು ತಾಸು ಹತ್ತು ನಿಮಿಷ. ಅದೂ ದಿನಾ ಇರುವುದಿಲ್ಲ, ನಮ್ಮ ಪುಣ್ಯಕ್ಕೆ ಅಂದು ಇತ್ತು. ನಿನ್ನದೊಂದು ಬಾಟಲಿ, ಅಲ್ಲಿಯ ರಕ್ತನಿಧಿಯಲ್ಲಿ ಕಾದಿಟ್ಟಿದ್ದ ಇನ್ನೊಂದು, ಎರಡನ್ನೂ ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ರಕ್ತನಿಧಿಯವನೊಬ್ಬ ವಿಮಾನ ಹತ್ತಿದ. ಯಮನೂರ ನಮ್ಮ ಓಣಿಯ ಫಕ್ರುದ್ದೀನನ ಕಾರಿನಲ್ಲಿ ಹುಬ್ಬಳ್ಳಿಗೆ ಓಡಿದ.

ಎರಡೂವರೆಗೆ ಇಳಿಯಬೇಕಾದ ವಿಮಾನ ಇಳಿಯಲಿಲ್ಲ. ಮೋಡ ಕವಿದು ಮೇಲೆಯೇ ಸುತ್ತುತ್ತಿದೆ, ಆಗದಿದ್ದರೆ ಬೇರೆ ಊರಿಗೆ ಹೋಗುತ್ತದಂತೆ ಎಂದು ಯಮನೂರ ಫೋನಿನಲ್ಲಿ ಹೇಳಿದ. ಇಲ್ಲಿ ಅನುಷಾಳ ತುಟಿ ಬಿಳಿಚಿತ್ತು. “ಅಕ್ಕಾ, ಥಂಡಿ ಭಾಳ ಆಗಾಕತ್ತೈತಿ” ಎಂದು ನನ್ನ ಕೈ ಹಿಡಿದಳು, ಹಿಡಿತದಲ್ಲಿ ಬಲವಿರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು, ರಕ್ತ ಕೊಟ್ಟ ಪುಣ್ಯಾತ್ಮ ಯಾರು, ಹೆಸರಾದರೂ ಹೇಳು ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಗೊತ್ತಿಲ್ಲವೆಂದೆ.

ಇಪ್ಪತ್ತೈದು ನಿಮಿಷ ಸುತ್ತಿ ವಿಮಾನ ಇಳಿಯಿತು. ಫಕ್ರುದ್ದೀನ ಹೇಗೆ ಓಡಿಸಿದನೋ, ಐದಕ್ಕೆ ಪೆಟ್ಟಿಗೆ ಡಾಕ್ಟರ ಕೈಯಲ್ಲಿತ್ತು. ಮುಕ್ಕಾಲು ತಾಸಿಗೆ ಮಗುವಿನ ಅಳು ಕೇಳಿತು. ತಾಯಿಯೂ ಉಳಿದಳೆಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಅಪ್ಪ ಅವರಿಗೆ ಕೈಮುಗಿದ.

ಹೆಣ್ಣುಮಗು, ಎರಡು ಕಿಲೋದ ಮೇಲೆ ತುಸು. ಅನುಷಾ ನಿನ್ನೆ ಗಂಜಿ ಕುಡಿದಳು, ಅಣ್ಣನಿಗೆ ಬರೆ ಎಂದು ನನ್ನನ್ನು ಕೂರಿಸಿದವಳೂ ಅವಳೇ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ದ್ರಾಕ್ಷಾಯಿಣಿ

ತಾ.ಕ.: ನಿನಗೆ ಕೊಟ್ಟ ಮಾತು ಮುರಿದಿದ್ದೇನೆ. ಪೆಟ್ಟಿಗೆಯ ಮೇಲೆ ಪುಣೆ ಎಂದಿದ್ದನ್ನು ಯಾರಿಂದಲೋ ಓದಿಸಿಕೊಂಡ ಅಪ್ಪ, “ಕಳಕೇಶ ಕೊಟ್ಟಾನೇನು?” ಎಂದು ನೇರವಾಗಿ ಕೇಳಿದ. ಸುಳ್ಳು ಹೇಳಲಾಗದೆ ಹೌದೆಂದೆ. “ಅಂವ ಬರೂದು ಬ್ಯಾಡ, ನಾನ ಹೋಗ್ತೀನಿ” ಅಂದ. ಇಪ್ಪತ್ತನೇ ತಾರೀಖಿನ ಪುಣೆಯ ವಿಮಾನಕ್ಕೆ ಟಿಕೆಟ್ ತೆಗೆಸಿದ್ದಾನೆ. ಅವನು ಬರುವುದು ನಿನಗೆ ಬೇಡವಾದರೆ ಅಷ್ಟರೊಳಗೆ ನೀನೇ ಅವನಿಗೆ ಹೇಳು. ನಾನು ಹೇಳಲಾರೆ.