ನನ್ನ ಮತಪತ್ರ

೧೧ ಅಕ್ಟೋಬರ್ ೨೦೨೦, ಭಾನುವಾರ. ಲೈಡನ್, ನೆದರ್ಲೆಂಡ್ಸ್.

ಕಟ್ಟಿಕೊಂಡ ಗಂಡನೇ ನನ್ನ ಮತಪತ್ರಕ್ಕೆ ಗುರುತು ಹಾಕಿಬಿಟ್ಟಿದ್ದಾನೆ!

ಅಮೆರಿಕದಲ್ಲಿ ಹುಟ್ಟಿದವಳಾದ್ದರಿಂದ ಈ ಮನೆಯಲ್ಲಿ ಅಲ್ಲಿನ ಅಧ್ಯಕ್ಷರ ಚುನಾವಣೆಗೆ ಮತ ಇರುವುದು ನನಗೊಬ್ಬಳಿಗೇ. ಮೂರು ವಾರದಿಂದ ಇಬ್ಬರು ಅಭ್ಯರ್ಥಿಗಳೂ ಯುದ್ಧದ ಬಗ್ಗೆ, ಇರಾನಿನ ಮೇಲಿನ ನಿರ್ಬಂಧಗಳ ಬಗ್ಗೆ ಆಡಿದ್ದನ್ನೆಲ್ಲ ಓದುತ್ತಿದ್ದೆ. ನನ್ನ ಜೊತೆ ಲ್ಯಾಬಿನಲ್ಲಿ ಕೆಲಸ ಮಾಡುವ ನಸ್ರೀನ್ ಆ ನಿರ್ಬಂಧಗಳಿಂದಾಗಿ ತೆಹರಾನಿನಲ್ಲಿರುವ ತಾಯಿಗೆ ಮಾತ್ರೆ ಕಳಿಸಲಾಗದೆ ಅತ್ತದ್ದನ್ನು ನೋಡಿದ ಮೇಲೆ, ಕಣ್ಣುಮುಚ್ಚಿ ಮತ ಹಾಕಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಇಮೇಲಿನಲ್ಲಿ ಬಂದಿದ್ದ ಮತಪತ್ರದ ಪ್ರಿಂಟ್ ತೆಗೆದು, ಕೊರೊನಾ ಬಂದಾಗಿನಿಂದ ನಮ್ಮಿಬ್ಬರ ಆಫೀಸೂ ಆಗಿರುವ ಊಟದ ಮೇಜಿನ ಮೇಲಿಟ್ಟು ಅಮ್ಮನೊಂದಿಗೆ ಫೋನಿನಲ್ಲಿದ್ದೆ. ಬಂದು ನೋಡಿದರೆ ಗುರುತು ಬಿದ್ದಿದೆ.

"ಇಂಡಿಯಾಗೆ ಯಾರು ಬಂದ್ರೆ ಒಳ್ಳೇದು ಅಂತ ಫಾರಿನ್ ಪಾಲಿಸಿ ನೋಡೇ ಹಾಕ್ದೆ ಕಣೇ. ನೀನು ಇನ್ನೂ ಕನ್‌ಫ್ಯೂಸ್ ಆಗಿದ್ಯಲ್ಲ."

"ಕನ್‌ಫ್ಯೂಸ್ ಅಲ್ಲ, ಓದ್ತಾ ಇದ್ದೆ! ಅದು ನನ್ ವೋಟು, ಚರಣ್."

"ಸೈನ್ ಮಾಡೋದು ನೀನೇ ತಾನೆ?" ಎಂದು ನಕ್ಕ. ಆ ನಗು!

ಹರಿದು ಹಾಕಿದೆ. ಇನ್ನೊಂದು ಪ್ರಿಂಟ್ ತೆಗೆದು, ಬಚ್ಚಲುಮನೆಯ ಚಿಲಕ ಹಾಕಿಕೊಂಡು, ವಾಷಿಂಗ್ ಮಷೀನಿನ ಮೇಲಿಟ್ಟು ನಾನೇ ಗುರುತು ಹಾಕಿ ಸಹಿ ಮಾಡಿದೆ. ಸೈಕಲ್ ತುಳಿದು ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದೆ.

ಮತ ಕೊಟ್ಟದ್ದು ಅವನು ಗುರುತು ಹಾಕಿದ್ದ ಅಭ್ಯರ್ಥಿಗೇ. ಮೂರು ವಾರ ಓದಿ ನಾನೂ ಅಲ್ಲಿಗೇ ಬಂದಿದ್ದೆ. ಅದನ್ನು ಅವನಿಗೆ ಹೇಳುವುದಿಲ್ಲ. ಹೇಳಿದರೆ "ಮತ್ತೆ ಯಾಕಿಷ್ಟು ರಂಪ?" ಎನ್ನುತ್ತಾನೆ. ಯಾಕೆಂದು ಬಿಡಿಸಿ ಹೇಳುವಷ್ಟು ತಾಳ್ಮೆ ಇವತ್ತು ನನ್ನಲ್ಲಿಲ್ಲ.