ರಬ್ಬರ್ ಬಳೆಯ ಅಡಿಯಲ್ಲಿ

ಅರಸೀಕೆರೆ
೨-೧೨-೧೯೯೯

ಅವ್ವಾ,

ಕ್ಷೇಮ ಸಮಾಚಾರ ಬರೆಯುವಷ್ಟು ತಾಳ್ಮೆ ಇಲ್ಲ, ನಮಸ್ಕಾರ ಮಾತ್ರ ತಗೋ.

ಮದುವೆ ಬೇಡ, ಕಾಲೇಜಿನ ಲ್ಯಾಬಿನ ಕೆಲಸವೇ ಬೇಕು ಎಂದು ನಾನಂದಾಗ ಮಾತು ಬಿಟ್ಟ ಅಪ್ಪ, ಮಾತಾಡದೆಯೇ ಸತ್ತ ಎಂದು ತಿಥಿಯ ದಿನ ನಿನ್ನ ಮೇಲೆ ಕೂಗಾಡಿದೆ. ನೀನು ತುಟಿ ಬಿಚ್ಚಲಿಲ್ಲ.

ವಾಪಸ್ ಬಂದರೆ ನನ್ನ ಮೆಷಿನ್ನು ಕೆಟ್ಟು ಕೂತಿತ್ತು. ಕಬ್ಬಿಣದ ತಟ್ಟೆಯ ಮೇಲೆ ದೊಡ್ಡ ಗಾಜಿನ ಬುರುಡೆ ಬೋರಲು ಹಾಕಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿಸುವ ಮೆಷಿನ್ನು ಅದು. ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿತ್ತು, ಒಳಗಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತಲೇ ಇರಲಿಲ್ಲ. ಕುಂಚವನ್ನು ಸ್ಪಿರಿಟ್ಟಿಗೆ ಅದ್ದಿ ಒಂದೊಂದೇ ಜೋಡಣೆಗೆ ಸವರಿದೆ. ಸೋರುವ ಕಡೆ ಸವರಿದರೆ ಮುಳ್ಳು ಹಾರಬೇಕು. ಹಾರಲಿಲ್ಲ. ಗಾಜು ಕೂರುವ ರಬ್ಬರ್ ಬಳೆಯೊಂದನ್ನು ಬಿಟ್ಟಿದ್ದೆ. ಆಯುಧಪೂಜೆಗೆ ಅದನ್ನು ಬಿಚ್ಚಿ ತೊಳೆದವಳು ನಾನೇ ಎಂಬ ಜಂಬ! ಕೊನೆಗೆ ಅಲ್ಲಿಗೂ ಸವರಿದೆ. ಮುಳ್ಳು ಹಾರಿತು.

ಬಳೆ ಎತ್ತಿದರೆ ತಟ್ಟೆಯ ಮೇಲೆ ಹೆಬ್ಬೆರಳಗಲ ಕುಂಕುಮ.

ಅಟೆಂಡರ್ ದ್ರಾಕ್ಷಾಯಣಿಯ ಮೇಲೆ ರೇಗಾಡಿಬಿಟ್ಟೆ. ಅವಳು, ಅದು ನಿಮ್ಮ ಅಪ್ಪ ಇಟ್ಟದ್ದು ಅಂದಳು. ಪೂಜೆಯ ದಿನ ಮಾದಿಹಳ್ಳಿಯಿಂದ ಬಂದವನು, ನಾನು ಬೂದುಗುಂಬಳ ತರಲು ಹೋಗುವವರೆಗೂ ಗೇಟಿನಾಚೆ ಕಾದಿದ್ದು ಒಳಗೆ ಬಂದನಂತೆ. ಮಗಳ ಮೆಷಿನ್ನು ಯಾವುದೆಂದು ಕೇಳಿ, ಬೊಟ್ಟಿಟ್ಟು ಕೈಮುಗಿದನಂತೆ. ಪೂಜೆಯ ಕುಂಕುಮ ಒರೆಸಬಾರದೆಂದು, ನಾನು ತೊಳೆದು ಒಣಗಲು ಇಟ್ಟಿದ್ದ ಬಳೆಯನ್ನು ಇವಳು ಅದರ ಮೇಲೇ ಕೂರಿಸಿದ್ದಾಳೆ.

ಅಪ್ಪ ಹೋಗುವಾಗ, "ಅವಳಿಗೆ ಹೇಳ್ಬ್ಯಾಡ ಕಣವ್ವ. ಬಂದಿದ್ದೆ ಅಂತ ಗೊತ್ತಾದ್ರೆ ಗೆದ್ದೆ ಅಂದ್ಕೊತಾಳೆ" ಅಂದನಂತೆ. ವಾರದೊಳಗೆ ಸತ್ತೇ ಹೋದ. ಸತ್ತವರ ಮಾತು ಮೀರಬಾರದೆಂದು ಅವಳೂ ಬಾಯಿ ಬಿಡಲಿಲ್ಲ.

ಹೆಣದ ಮುಂದೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈಗ ನೋಡು, ಅಳು ನಿಲ್ಲುತ್ತಿಲ್ಲ.

ಆ ಬೊಟ್ಟು ಒರೆಸದೆ ಮೆಷಿನ್ನು ನಡೆಯದು. ಬಟ್ಟೆ ಹಿಡಿದು ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಒರೆಸಿದೆ ಅವ್ವ. ಮುಳ್ಳು ಇಳಿಯಿತು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಹಟಮಾರಿ,
ಸಿರಿ

ತಾ.ಕ.: ಅಪ್ಪ ಬಿಟ್ಟುಹೋದ ಕುಂಕುಮದ ಪೊಟ್ಟಣವನ್ನು ದ್ರಾಕ್ಷಾಯಣಿ ತಂದುಕೊಟ್ಟಳು. ಕ್ಯಾಲೆಂಡರ್ ಹಾಳೆ ಮಡಿಸಿ ಹೀಗೆ ತುದಿ ಸಿಕ್ಕಿಸುವವಳು ನೀನೊಬ್ಬಳೇ. ಅಂದರೆ ನಿನಗೆ ಗೊತ್ತಿತ್ತು. ನಿನ್ನ ಬಾಯಿಗೂ ಅಪ್ಪ ಬೀಗ ಹಾಕಿದ್ದ. ಇನ್ನು ನಿನಗೇಕೆ ಎಂದು ಹೆಂಗಸರು ನಿನ್ನ ಕುಂಕುಮದ ಭರಣಿಯನ್ನು ಅಟ್ಟಕ್ಕೆ ಹಾಕಿದರಲ್ಲ, ಅದನ್ನು ಇಳಿಸಿಡು. ಬರುವ ಆಯುಧಪೂಜೆಗೆ ನೀನೇ ಬಂದು, ನಿನ್ನ ಕೈಯಾರೆ ಬೊಟ್ಟಿಡಬೇಕು. ತಟ್ಟೆಗಲ್ಲ, ಎಲ್ಲರಿಗೂ ಕಾಣುವ ಹಾಗೆ ಹೊರಗಿನ ಪಂಪಿಗೆ.